ಜೀವ ಇರುವುದು ಬಲಗಾಲಿನಲ್ಲಿ: ಹಳೇ ಎಲೆಕ್ಟ್ರಾನಿಕ್ ಆರ್ಗನ್ ಎಬ್ಬಿಸಿ ನುಡಿಸುವ ಬಗೆ

ಕೊಡಗಿನ ಸುಂಟಿಕೊಪ್ಪದಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ರೇಡಿಯೋ, ಟಿವಿ ರಿಪೇರಿ ಮಾಡಿದವನು ನಾನು. ಅಂಗಡಿ ಮುಚ್ಚಿ ಕೆಲವು ವರ್ಷ ಆಯಿತು. ಈಗ ಮನೆಯ ಹಾಲಿನಲ್ಲಿ, ಎಲ್ಲರ ಮನೆಯಲ್ಲಿ ಸೋಫಾ ಇರುವ ಜಾಗದಲ್ಲಿ, ಒಂದು ಹಳೇ ಎಲೆಕ್ಟ್ರಾನಿಕ್ ಆರ್ಗನ್ ಕೂತಿದೆ. ಮೇಲೊಂದು ಕೆಳಗೊಂದು ಎರಡು ಸಾಲು ಕೀ, ಸಾಲಿಗೆ 44. ಕಾಲಿಗೆ 13 ಪೆಡಲ್. ಕೀಗಳ ಮೇಲೆ ಸದ್ದಿನ ಬಗೆ ಆರಿಸುವ ಬಣ್ಣಬಣ್ಣದ ಟ್ಯಾಬ್‌ಗಳ ಸಾಲು. ಕಂಪನಿ ಹೆಸರಿನ ಹಿತ್ತಾಳೆ ಅಕ್ಷರಗಳಲ್ಲಿ ಅರ್ಧ ಉದುರಿಹೋಗಿವೆ. ಜೀಪಿನಿಂದ ಇಳಿಸಿದ ದಿನ ನನ್ನ ಹೆಂಡತಿ ಸುತ್ತ ಒಂದು ಸುತ್ತು ಬಂದು, "ಕನ್ನಡಿ ಎಲ್ಲಿ?" ಅಂದಳು. ಡ್ರೆಸ್ಸಿಂಗ್ ಟೇಬಲ್ ಅಂದುಕೊಂಡಿದ್ದಳು.

ವಿಷಯ ಬಾಯಿಂದ ಬಾಯಿಗೆ ಹೋಗಿದೆ. ಆಗಾಗ ಯಾರಾದರೂ ಫೋನ್ ಮಾಡುತ್ತಾರೆ. "ನಮ್ಮ ತೋಟದ ಬಂಗಲೆಯಲ್ಲೂ ಇಂಥದೊಂದು ಬಿದ್ದಿದೆ. ಗುಜರಿಗೆ ಹಾಕೋದಾ, ಇಟ್ಕೊಳ್ಳೋದಾ?" ಎಲ್ಲರಿಗೂ ಅದೇ ಮಾತು ಹೇಳಿ ಗಂಟಲು ಒಣಗಿದೆ. ಹಾಗಾಗಿ ಬರೆದೇ ಬಿಡುತ್ತೇನೆ.

ಮೊದಲು ಇದು ಏನು ಅಂತ ಗೊತ್ತಿರಲಿ

ನಮ್ಮ ಕಂಪನಿ ನಾಟಕಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು ಇರುತ್ತಿದ್ದರಲ್ಲ. ಲೆಗ್ ಹಾರ್ಮೋನಿಯಂ ಮುಂದೆ ಕೂತು, ಕಾಲಲ್ಲಿ ಗಾಳಿ ತುಂಬುತ್ತಾ, ಕಣ್ಣು ಮಾತ್ರ ಸ್ಟೇಜಿನ ಮೇಲೆ. ರಾಜ ಬಂದರೆ ಒಂದು ಥರ, ರಾಣಿ ಅತ್ತರೆ ಇನ್ನೊಂದು ಥರ. ಅಮೆರಿಕ, ಇಂಗ್ಲೆಂಡಿನ ಮೂಕಿ ಚಿತ್ರಗಳ ಕಾಲದಲ್ಲಿ ಆ ಮೇಷ್ಟ್ರ ಕೆಲಸ ಮಾಡಿದ್ದು ಥಿಯೇಟರ್ ಆರ್ಗನ್. ರಾಬರ್ಟ್ ಹೋಪ್-ಜೋನ್ಸ್ ಅಂತ ಒಬ್ಬ ಇಂಗ್ಲೆಂಡಿನವನು. ಮೊದಲು ಟೆಲಿಫೋನ್ ಇಂಜಿನಿಯರ್ ಆಗಿದ್ದವನು. ಚರ್ಚಿನ ಕೊಳವೆ ಆರ್ಗನ್‌ಗೆ ವಿದ್ಯುತ್ ಸ್ವಿಚ್ ಜೋಡಿಸಿ, ಒಬ್ಬನೇ ಕೂತು ಇಡೀ ವಾದ್ಯಗೋಷ್ಠಿ ನುಡಿಸುವ ಹಾಗೆ ಮಾಡಿದ. 1910ರಲ್ಲಿ ಅಮೆರಿಕದ ವುರ್ಲಿಟ್ಜರ್ ಕಂಪನಿ ಸೇರಿದ. ಡೋಲು, ಗಂಟೆ, ಹಕ್ಕಿ ಕೂಗು, ಕುದುರೆ ಗೊರಸಿನ ಸದ್ದು ಎಲ್ಲ ಅದೇ ವಾದ್ಯದಲ್ಲಿ. 1927ರ ನಂತರ ಟಾಕಿ ಬಂದು ಆ ಕೆಲಸ ಕಿತ್ತುಕೊಂಡಿತು. ನಮ್ಮಲ್ಲಿ ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' ಬಂದದ್ದು 1934ರಲ್ಲಿ. ಅದರ ಮರುವರ್ಷವೇ, 1935ರಲ್ಲಿ, ಗಡಿಯಾರ ಮಾಡುತ್ತಿದ್ದ ಲಾರೆನ್ಸ್ ಹ್ಯಾಮಂಡ್ ಕೊಳವೆಯೇ ಇಲ್ಲದ ಆರ್ಗನ್ ಮಾರಾಟಕ್ಕೆ ಬಿಟ್ಟ. ಆಮೇಲೆ ಕಾನ್, ಲೌರಿ, ಇಂಗ್ಲೆಂಡಿನ ಕಾಂಪ್ಟನ್, 1959ರಲ್ಲಿ ಯಮಹಾ ಎಲೆಕ್ಟೋನ್. ಚಿತ್ರಮಂದಿರದ ಆ ನಡುಗುವ, ಬೆಣ್ಣೆಯಂಥ ಸದ್ದು ಹೀಗೆ ಜನರ ಮನೆಯ ಹಾಲಿಗೇ ಬಂತು.

ರಿಪೇರಿಯವನಾಗಿ ನಾನು ಇದನ್ನು ನೋಡಿದ್ದು ಬೇರೆ ಥರ. ಈ ಕೀ ಅನ್ನುವುದು ಬರೀ ಸ್ವಿಚ್. ಪಿಯಾನೋದಲ್ಲಿ ಜೋರಾಗಿ ಕುಟ್ಟಿದರೆ ಜೋರು, ಮೆಲ್ಲಗೆ ಒತ್ತಿದರೆ ಮೆಲ್ಲಗೆ. ಇದಕ್ಕೆ ಅದೆಲ್ಲ ಗೊತ್ತಿಲ್ಲ. ಬೆರಳು ಇಟ್ಟಿರಾ, ಸದ್ದು ಇದೆ. ತೆಗೆದಿರಾ, ಇಲ್ಲ. ಕಾಲಿಂಗ್ ಬೆಲ್ ಇದ್ದ ಹಾಗೆ. ಇಂಥ ಬೆಲ್ ಸ್ವಿಚ್ಚಿನಿಂದ ಮನುಷ್ಯರನ್ನು ಅಳಿಸುವುದು ಹೇಗೆ ಅನ್ನುವುದು ನನಗೆ ಬಹಳ ದಿನ ಅರ್ಥ ಆಗಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮನೆಗೆ ತರುವ ಮೊದಲು

ಹಿಂದಿನ ಹಲಗೆಯ ಸ್ಕ್ರೂ ಬಿಚ್ಚಿ ಟಾರ್ಚ್ ಹಾಕಿ ನೋಡಿ. ನಾಚಿಕೊಳ್ಳಬೇಡಿ, ಕೊಡುವವರೇ ಬೇಡ ಅಂದರೆ ಅಲ್ಲೇ ಅನುಮಾನ ಪಡಿ. ಕೊಡಗಿನಲ್ಲಿ ನೋಡಬೇಕಾದ್ದು ಮೂರು. ಗೆದ್ದಲು ಮರ ತಿಂದಿದೆಯಾ, ಇಲಿ ವೈರ್ ಕಡಿದಿದೆಯಾ, ಬೋರ್ಡಿನ ಮೇಲೆ ಹಸಿರು ಕಿಲುಬು ಹಬ್ಬಿದೆಯಾ. ಬೂಷ್ಟು ಹಿಡಿದಿದ್ದರೆ ಹೆದರಬೇಡಿ, ಒರೆಸಿದರೆ ಹೋಗುತ್ತದೆ. ಇಲಿ ಗೂಡು ಇದ್ದರೆ ಬೆಲೆ ಇಳಿಸಿ. ಪೆಡಲ್‌ಗಳ ಹಿಂದಿನ ಸಂದಿಯಿಂದಲೇ ಅವು ಒಳಗೆ ಹೋಗುವುದು. ಗೆದ್ದಲು ಕಂಡರೆ ಸುಮ್ನೆ ಕಾಫಿ ಕುಡಿದು ವಾಪಸ್ ಬನ್ನಿ.

ಇನ್ನೊಂದು, ಹಿಂದೆ ಇರುವ ಚಿಕ್ಕ ತಗಡಿನ ಚೀಟಿ ಓದಿ. ಎಷ್ಟು ವೋಲ್ಟ್, ಎಷ್ಟು ಸೈಕಲ್ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ, ಅಂದರೆ ಹರ್ಟ್ಸ್) ಅಂತ ಇರುತ್ತದೆ. ಅಮೆರಿಕದಿಂದ ಬಂದದ್ದಾದರೆ 117 ವೋಲ್ಟ್, 60 ಸೈಕಲ್. ನಮ್ಮದು 230 ವೋಲ್ಟ್, 50 ಸೈಕಲ್. ವೋಲ್ಟಿಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಾಕು. ಸೈಕಲ್ ಮಾತ್ರ ಅದರಿಂದ ಬದಲಾಗುವುದಿಲ್ಲ. ಟ್ರಾನ್ಸಿಸ್ಟರ್ ಆರ್ಗನ್‌ಗೆ ಅದರಿಂದ ಸ್ವರ ಕೆಡುವುದಿಲ್ಲ. ಹಳೇ ಹ್ಯಾಮಂಡ್‌ಗೆ ಕೆಡುತ್ತದೆ. ಅದರ ಒಳಗೆ ಒಂದು ಮೋಟಾರು, ಅದು ತಿರುಗಿಸುವ ಹಲ್ಲಿನ ಚಕ್ರಗಳು. ದೊಡ್ಡ ಮಾಡೆಲ್‌ಗಳಲ್ಲಿ 91. ಚಕ್ರದ ಹಲ್ಲು ಕಾಂತದ ಮುಂದೆ ಹಾಯುವಾಗ ಸ್ವರ ಹುಟ್ಟುತ್ತದೆ. ಮೋಟಾರಿನ ವೇಗ ಕರೆಂಟಿನ ಸೈಕಲ್ ಹೇಳಿದಷ್ಟು. 60ರ ಯಂತ್ರವನ್ನು 50ಕ್ಕೆ ಹಾಕಿದರೆ ನೀವು ಬಿಳಿ ಒಂದು (ಹಾರ್ಮೋನಿಯಂ ಲೆಕ್ಕದಲ್ಲಿ ಸ್ಥಾಯಿಯ ಮೊದಲ ಬಿಳಿ ಕೀ) ಒತ್ತಿದರೂ ಕೆಳಗಿನ ಬಿಳಿ ಆರು ಕೇಳಿಸುತ್ತದೆ. ಮೂರು ಮನೆ ಕೆಳಗೆ!

ಒಂದು ಸಲ ಸಿದ್ದಾಪುರದ ಹತ್ತಿರದ ಒಂದು ತೋಟದಲ್ಲಿ ಇಂಥ ಚಕ್ರದ ಆರ್ಗನ್ ನೋಡಲು ಹೋಗಿದ್ದೆ. ಕಾಫಿ ಕುಯ್ಲಿನ ಸಮಯ. ಕರೆಂಟ್ ಇರಲಿಲ್ಲ, ಡೀಸೆಲ್ ಜನರೇಟರ್ ಓಡುತ್ತಿತ್ತು. ಮನೆಯ ಹುಡುಗ ಚೆನ್ನಾಗಿಯೇ ನುಡಿಸುತ್ತಿದ್ದ. ಅಷ್ಟರಲ್ಲಿ ಕೆಳಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಚಾಲೂ ಮಾಡಿದರು. ಜನರೇಟರ್ ಒಮ್ಮೆ ಏದುಸಿರು ಬಿಟ್ಟಿತು. ಹಾಡು ಹಾಗೇ ಕುಸಿದು, ನಿಧಾನಕ್ಕೆ ಮತ್ತೆ ಮೇಲೆದ್ದಿತು. ಹುಡುಗ ತಾನೇ ತಪ್ಪಿದೆ ಅಂದುಕೊಂಡು ಬೆರಳು ನೋಡಿಕೊಂಡ. ಚಕ್ರದ ಆರ್ಗನ್ ಇದ್ದವರು ಜನರೇಟರ್ ಮೇಲೆ ನುಡಿಸಬೇಡಿ, ಇಷ್ಟೇ.

ಮೊದಲ ಸಲ ಕರೆಂಟ್ ಕೊಡುವಾಗ

ವರ್ಷಗಟ್ಟಲೆ ಸುಮ್ಮನಿದ್ದ ಯಂತ್ರಕ್ಕೆ ನೇರ ಪ್ಲಗ್ ಹಾಕಬೇಡಿ. ಮೊದಲು ಒಣಗಿಸಿ. ಹಿಂದಿನ ಹಲಗೆ ತೆಗೆದು ಬಿಸಿಲು ಬೀಳದ, ಗಾಳಿ ಆಡುವ ಕಡೆ ಒಂದು ವಾರ ಇಡಿ. ನೇರ ಬಿಸಿಲಿಗಿಟ್ಟರೆ ಮೇಲಿನ ತೆಳು ಮರದ ಪದರ ಏಳುತ್ತದೆ. ಆಮೇಲೆ ಎಲೆಕ್ಟ್ರಿಷಿಯನ್‌ಗಳ ಹತ್ತಿರ ಇರುವ ಸೀರೀಸ್ ಬೋರ್ಡ್ ತನ್ನಿ, ಕರೆಂಟು ಒಂದು ಬಲ್ಬಿನ ಮೂಲಕವೇ ಯಂತ್ರಕ್ಕೆ ಹೋಗುವ ಬೋರ್ಡ್ ಅದು. ಅದರಲ್ಲಿ ಹಳೇ ಕಾಲದ 100 ವ್ಯಾಟಿನ ಫಿಲಮೆಂಟ್ ಬಲ್ಬೇ ಬೇಕು, ಎಲ್ಇಡಿ ನಡೆಯುವುದಿಲ್ಲ. ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಒಳ್ಳೆಯದು. ಪೂರ್ತಿ ಬೆಳಗಿ ಹಾಗೇ ನಿಂತರೆ ಒಳಗೆ ಎಲ್ಲೋ ಶಾರ್ಟ್. ಆಫ್ ಮಾಡಿ.

ಸದ್ದು ಬರುವ ಮೊದಲೇ 'ಗುಂಯ್' ಅಂತ ದಪ್ಪ ಸ್ವರ ಬಂದರೆ ಅದು ಪವರ್ ಸಪ್ಲೈನ ಕೆಪಾಸಿಟರ್ ಒಣಗಿದ್ದಕ್ಕೆ. ಅಷ್ಟೂ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬದಲಿಸಿ, ಒಂದೆರಡು ಉಳಿಸಿ ಜಾಣತನ ಮಾಡಬೇಡಿ. ಹಳೇ ರೇಡಿಯೋದಂಥ ಗಾಜಿನ ವಾಲ್ವ್ ಇರುವ ಆರ್ಗನ್ ಆದರೆ ಕೈಯನ್ನೇ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ನೂರಾರು ವೋಲ್ಟ್ ಕೂತಿರುತ್ತದೆ. ಗೊತ್ತಿದ್ದವರನ್ನು ಕರೆಸಿ.

ಸತ್ತ ಸ್ವರ ಹುಡುಕುವುದು

ಇದು ನನಗೆ ಬಹಳ ಇಷ್ಟದ ಕೆಲಸ. ಟ್ರಾನ್ಸಿಸ್ಟರ್ ಆರ್ಗನ್‌ಗಳಲ್ಲಿ ಸಾಮಾನ್ಯವಾಗಿ ಹನ್ನೆರಡು ಸ್ವರಕ್ಕೆ ಹನ್ನೆರಡು ಮೂಲ ಆಸಿಲೇಟರ್, ಅಂದರೆ ಸ್ವರ ಹುಟ್ಟಿಸುವ ಸರ್ಕ್ಯೂಟ್, ಇರುತ್ತವೆ. ಎಲ್ಲಕ್ಕಿಂತ ಮೇಲಿನ ಸ್ಥಾಯಿಯ ಸ್ವರ ಅವುಗಳದು. ಅದರ ಕೆಳಗಿನದು ಅರ್ಧ ಮಾಡಿದ್ದು, ಅದರ ಕೆಳಗಿನದು ಮತ್ತೆ ಅರ್ಧ. ಅಜ್ಜನಿಂದ ಮೊಮ್ಮಗನವರೆಗೆ ಒಂದೇ ವಂಶ. ಹೀಗಾಗಿ ರೋಗ ಎಲ್ಲಿ ಅಂತ ಕಿವಿಯಲ್ಲೇ ಹೇಳಬಹುದು.

ಕೆಳಗಿನಿಂದ ಮೇಲಿನವರೆಗೆ ಎಲ್ಲ ಬಿಳಿ ಎರಡೂ ಸತ್ತಿವೆ ಅಂದರೆ ಅಜ್ಜನೇ ಹೋಗಿದ್ದಾನೆ, ಮೂಲ ಆಸಿಲೇಟರ್ ನೋಡಿ. ಎಲ್ಲ ಬಿಳಿ ಎರಡೂ ಒಂದೇ ಸಮ ಅಪಶ್ರುತಿ ಅಂದರೆ ಆ ಆಸಿಲೇಟರಿನ ಕಾಯಿಲ್ ಸ್ವಲ್ಪ ತಿರುಗಿಸಿದರೆ ಸಾಕು. ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ಬಳಸಿ, ಒಳಗಿನ ಫೆರೈಟ್ ತುಂಬ ಪೆಳಸು. ಮೇಲಿನವು ಸರಿ ಇದ್ದು ಒಂದು ಕಡೆಯಿಂದ ಕೆಳಕ್ಕೆಲ್ಲ ಸತ್ತಿದ್ದರೆ ನಡುವಿನ ಒಬ್ಬ ಮಗ ಕೆಲಸ ನಿಲ್ಲಿಸಿದ್ದಾನೆ, ಅರ್ಧ ಮಾಡುವ ಆ ಡಿವೈಡರ್ ಬದಲಿಸಿ. ಒಂದೇ ಒಂದು ಕೀ ಮಾತ್ರ ಮಾತಾಡುತ್ತಿಲ್ಲವೇ? ಅದು ಬರೀ ಕೊಳೆ. ಹತ್ತರಲ್ಲಿ ಎಂಟು ಸಲ ಬರೀ ಕೊಳೆಯೇ.

ಆ ಕೀ ಕೆಳಗಿನ ಕಾಂಟ್ಯಾಕ್ಟ್ ಅನ್ನುವುದು ಕೂದಲಿಗಿಂತ ಸ್ವಲ್ಪ ದಪ್ಪದ ತಂತಿ. ಮೊದಲು ಕೀಯನ್ನು ಐವತ್ತು ಸಲ ಪಟಪಟ ಒತ್ತಿ. ಅರ್ಧ ರೋಗ ಅಲ್ಲೇ ಹೋಗುತ್ತದೆ. ಹೋಗದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಮೆತ್ತನೆ ಬ್ರಷ್. ಮರಳು ಕಾಗದ ಮುಟ್ಟಿಸಲೇಬೇಡಿ, ತಂತಿಯ ಮೇಲಿನ ತೆಳು ಲೇಪ ಎದ್ದುಹೋಗುತ್ತದೆ. ಎಣ್ಣೆ ಇರುವ ಸ್ಪ್ರೇಯೂ ಬೇಡ. ನಮ್ಮ ಹವಾಕ್ಕೆ ಎಣ್ಣೆ, ಧೂಳು, ತೇವ ಸೇರಿ ಒಂದೇ ಮಳೆಗಾಲದಲ್ಲಿ ಅಂಟಾಗುತ್ತದೆ.

ನನ್ನ ಮೂರು ವಾರ ಹೋದ ಕಥೆ

ಈ ಆರ್ಗನ್ ಇದ್ದದ್ದು ಪೊಲ್ಲಿಬೆಟ್ಟದ ಕಡೆಯ ಒಂದು ಬಂಗಲೆಯಲ್ಲಿ. ಮನೆಯ ಮೇಡಂಗೆ ಆಗಲೇ ಎಂಬತ್ತು ದಾಟಿತ್ತು. ಚಿಕ್ಕಂದಿನಲ್ಲಿ ಬೋರ್ಡಿಂಗ್ ಸ್ಕೂಲಿನಲ್ಲಿ ಪಿಯಾನೋ ಕಲಿತು, ಮದುವೆಯಾದ ಮೇಲೆ ಇದನ್ನು ನುಡಿಸುತ್ತಿದ್ದರಂತೆ. ಹತ್ತು ಹದಿನೈದು ವರ್ಷದಿಂದ ಸದ್ದೇ ಇಲ್ಲ. "ನೋಡಪ್ಪ, ಆಗುತ್ತಾ?" ಅಂದರು.

ನಾನು ವಿಜ್ಞಾನಿ ಥರ ಶುರು ಮಾಡಿದೆ. ಕೆಪಾಸಿಟರ್ ಬದಲಿಸಿದೆ. ಆಂಪ್ಲಿಫೈಯರ್ ಟ್ರಾನ್ಸಿಸ್ಟರ್ ಬದಲಿಸಿದೆ. ಸ್ಪೀಕರಿಗೆ ಕಿವಿ ಹಚ್ಚಿದರೆ ದೂರದ ಗದ್ದೆಯಲ್ಲಿ ಯಾರೋ ಗುನುಗಿದ ಹಾಗೆ ಒಂಚೂರು ಕೇಳುತ್ತಿತ್ತು, ಅಷ್ಟೇ. ಮೂರು ವಾರ ಬಂಗಲೆಗೆ ಓಡಾಡಿದೆ. ಕೊನೆಗೆ ಬೇಜಾರಾಗಿ ನೆಲದ ಮೇಲೆ ಅಂಗಾತ ಮಲಗಿ, ಬಲಗಾಲಿನ ಎಕ್ಸ್‌ಪ್ರೆಶನ್ ಪೆಡಲ್ ಬಿಚ್ಚಿದೆ. ಅದು ಕಾರಿನ ಆಕ್ಸಿಲರೇಟರ್ ಥರ ಇರುತ್ತದೆ, ಒತ್ತಿದಷ್ಟೂ ಸದ್ದು ಜಾಸ್ತಿ. ಒಳಗೆ ಒಂದು ಡಬ್ಬಿ. ಡಬ್ಬಿಯಲ್ಲಿ ಒಂದು ಕಡಲೆಕಾಳಿನಷ್ಟು ಬಲ್ಬ್, ಎದುರಿಗೆ ಬೆಳಕು ಬಿದ್ದರೆ ದಾರಿ ಬಿಡುವ ಒಂದು ಎಲ್‌ಡಿಆರ್. ನಡುವೆ ಕಾಲಿಗೆ ತಕ್ಕ ಹಾಗೆ ಸರಿಯುವ ಕಪ್ಪು ತಗಡು. ಬಲ್ಬ್ ಸುಟ್ಟುಹೋಗಿತ್ತು. ಅಷ್ಟೇ! ಹಳೇ ರೇಡಿಯೋದ ಡಯಲ್ ಬಲ್ಬ್ ಒಂದು ಜೇಬಿನಲ್ಲೇ ಇತ್ತು, ಅದೇ ವೋಲ್ಟಿನದು. ಹಾಕಿದೆ.

ನಾನು ಒಂದು ಕೀ ಒತ್ತಿದೆ. ಬೆಲ್ ಹೊಡೆದ ಹಾಗೆ ಸದ್ದು ಬಂತು. ಮೇಡಂ ಬಂದು ಕೂತರು. ಚಪ್ಪಲಿ ಬಿಟ್ಟು ಬಲಗಾಲು ಪೆಡಲ್ ಮೇಲಿಟ್ಟರು. ಅದೇ ಕೀ ಒತ್ತಿದರು. ಮೊದಲು ಏನೂ ಕೇಳಿಸಲಿಲ್ಲ. ಪಾದ ಕೂದಲೆಳೆಯಷ್ಟು ಬಾಗಿತು. ಸ್ವರ ಎಲ್ಲಿಂದಲೋ ನಡೆದು ಬಂದ ಹಾಗೆ ಬಂತು, ದೊಡ್ಡದಾಯಿತು, ಒಂದು ಕ್ಷಣ ನಿಂತಿತು, ಹಿಂದಕ್ಕೆ ಹೋಯಿತು. ಬೆರಳು ಅಲ್ಲಾಡಿರಲಿಲ್ಲ. "ಕೈ ನೋಡಬೇಡಪ್ಪ," ಅಂದರು. "ಕಾಲು ನೋಡು."

ಮೂರು ವಾರ ನಾನು ಹುಡುಕಿದ್ದು ತಪ್ಪು ಜಾಗದಲ್ಲಿ. ಮುಂದಿನ ವರ್ಷ ಅವರು ಮೈಸೂರಿನ ಮಗಳ ಮನೆಗೆ ಹೋಗುವಾಗ ಆರ್ಗನ್ ನನಗೇ ಕೊಟ್ಟರು. ಜೀಪ್ ಬಾಡಿಗೆ ಮಾತ್ರ ನನ್ನದು.

ನುಡಿಸುವ ಮೊದಲು ಕೇಳಿ

ಮೊಬೈಲಿನಲ್ಲಿ ಹುಡುಕಿದರೆ ಇವರೆಲ್ಲ ಸಿಗುತ್ತಾರೆ. ಹೆಡ್‌ಫೋನ್ ಹಾಕಿಕೊಳ್ಳಿ, ಮೊಬೈಲ್ ಸ್ಪೀಕರಿನಲ್ಲಿ ಕಾಲಿನ ಸ್ವರ ಕೇಳಿಸುವುದೇ ಇಲ್ಲ.

ಜೆಸ್ಸಿ ಕ್ರಾಫರ್ಡ್ ಮೊದಲು. ನ್ಯೂಯಾರ್ಕಿನ ಪ್ಯಾರಮೌಂಟ್ ಥಿಯೇಟರಿನಲ್ಲಿ ನುಡಿಸುತ್ತಿದ್ದವರು, 'ಆರ್ಗನ್ ಕವಿ' ಅಂತಲೇ ಕರೆಯುತ್ತಿದ್ದರು. ನಿಧಾನದ ಹಾಡುಗಳು. ಸ್ವರದಿಂದ ಸ್ವರಕ್ಕೆ ಜಾರುವುದು ನೋಡಿ, ನಮ್ಮ ಜಾರು ಗಮಕ ನೆನಪಾಗುತ್ತದೆ. ಆಮೇಲೆ ರೆಜಿನಾಲ್ಡ್ ಡಿಕ್ಸನ್. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಟವರ್ ಬಾಲ್‌ರೂಮಿನಲ್ಲಿ 1930ರಿಂದ 1970ರವರೆಗೆ, ಯುದ್ಧದ ವರ್ಷ ಬಿಟ್ಟು, ಜನರನ್ನು ಕುಣಿಸಿದವರು. ಅವರಿಬ್ಬರದೂ ಕೊಳವೆಯ ವುರ್ಲಿಟ್ಜರ್. ನಮ್ಮ ಎಲೆಕ್ಟ್ರಾನಿಕ್ ಯಂತ್ರಗಳು ನಕಲು ಮಾಡಲು ಹೊರಟದ್ದು ಇದೇ ಸದ್ದನ್ನು, ಹಾಗಾಗಿ ಅಸಲಿ ಗೊತ್ತಿರಬೇಕು. ಡಿಕ್ಸನ್ ಅವರಲ್ಲಿ ಎಡಗಾಲು-ಎಡಗೈ ಜಗಳವಿಲ್ಲದ ಗಂಡಹೆಂಡತಿ ಥರ ತಾಳ ಹಿಡಿಯುವುದನ್ನು ಕೇಳಿ.

ಎಥೆಲ್ ಸ್ಮಿತ್ ಅವರನ್ನು ಕೇಳಿದರೆ ಸಾಲದು, ನೋಡಬೇಕು. 1944ರ 'ಬೇದಿಂಗ್ ಬ್ಯೂಟಿ' ಚಿತ್ರದಲ್ಲಿ ಹ್ಯಾಮಂಡ್ ನುಡಿಸುವ ದೃಶ್ಯ ಇದೆ. ಜರ್ಮನಿಯ ಕ್ಲಾಸ್ ವುಂಡರ್ಲಿಷ್ ಅವರ ಬೆರಳು ಎಷ್ಟು ಚೊಕ್ಕ ಅಂದರೆ ನನಗೆ ಒಮ್ಮೊಮ್ಮೆ ಬೇಸರ ಬರುತ್ತದೆ. ಕಲಿಯುವವರಿಗೆ ಮಾತ್ರ ಅವರೇ ಒಳ್ಳೆಯ ಮೇಷ್ಟ್ರು.

ಕೋರ್ಲಾ ಪಂಡಿತ್ ಅಂತ ಒಬ್ಬರು. 1949ರಿಂದ ಲಾಸ್ ಏಂಜಲೀಸ್ ಟಿವಿಯಲ್ಲಿ ಬಂದರು. ತಲೆಗೆ ಪೇಟ, ಪೇಟದ ಮೇಲೆ ಹರಳು. ದೆಹಲಿಯಲ್ಲಿ ಹುಟ್ಟಿದವರು ಅಂತ ಹೇಳಿಕೊಂಡಿದ್ದರು. ಕಾರ್ಯಕ್ರಮದಲ್ಲಿ ಒಂದೇ ಒಂದು ಮಾತಿಲ್ಲ, ಕ್ಯಾಮೆರಾವನ್ನು ದಿಟ್ಟಿಸುತ್ತಾ ಹ್ಯಾಮಂಡ್, ಪಿಯಾನೋ ಎರಡನ್ನೂ ಒಟ್ಟಿಗೆ ನುಡಿಸುವುದು. 1998ರಲ್ಲಿ ತೀರಿಕೊಂಡರು. ಆಮೇಲೆ ಗೊತ್ತಾಯಿತು, ಅವರು ಮಿಸೌರಿಯ ಜಾನ್ ರೋಲಂಡ್ ರೆಡ್, ಆಫ್ರಿಕನ್ ಅಮೆರಿಕನ್. ಆಗಿನ ಅಮೆರಿಕದಲ್ಲಿ ಅವರ ಜನಕ್ಕೆ ಮುಚ್ಚಿದ್ದ ಬಾಗಿಲು ಪೇಟಕ್ಕೆ ತೆರೆಯಿತು. ಇದನ್ನು ಹೇಳಿದಾಗ ನನ್ನ ಹೆಂಡತಿ, "ಪಾಪ, ಮನೆಯಲ್ಲಾದರೂ ತೆಗೀತಿದ್ದರೋ ಇಲ್ಲವೋ" ಅಂದಳು. ಆಮೇಲೆ ಅವರ ವಿಡಿಯೋ ಹಾಕಿದರೆ ನನ್ನ ಕಣ್ಣು ಪೇಟಕ್ಕೇ ಹೋಗುತ್ತದೆ.

ನಮ್ಮವರ ಲೆಕ್ಕಕ್ಕೂ ಒಂದು ಇದೆ. 1954ರ ಹಿಂದಿ 'ನಾಗಿನ್' ಚಿತ್ರದ ಆ ಪುಂಗಿ ಸದ್ದು ಪುಂಗಿಯದ್ದಲ್ಲ. ಕ್ಲಾವಿಯೋಲಿನ್ ಅನ್ನುವ ಎಲೆಕ್ಟ್ರಾನಿಕ್ ಕೀಬೋರ್ಡ್, ನುಡಿಸಿದ್ದು ಕಲ್ಯಾಣ್‌ಜಿ. ಹಾವಿಗೂ ಗೊತ್ತಾಗಲಿಲ್ಲ ನೋಡಿ.

ಕೂತ ಮೇಲೆ

ಬರಿಗಾಲು ಅಥವಾ ತೆಳು ಅಡಿಯ ಷೂ. ಬಲಗಾಲು ಎಕ್ಸ್‌ಪ್ರೆಶನ್ ಪೆಡಲ್ ಮೇಲೆ, ಅಲ್ಲಿಂದ ತೆಗೆಯುವುದೇ ಇಲ್ಲ. ಎಡಗಾಲಿಗೆ 13 ಪೆಡಲ್.

ಟ್ಯಾಬ್‌ಗಳ ಮೇಲೆ 16, 8, 4 ಅಂತ ಬರೆದಿರುತ್ತದೆ. ಅದು ಅಡಿಯ ಲೆಕ್ಕ. ಕೊಳವೆ ಆರ್ಗನ್‌ನಲ್ಲಿ ಅತಿ ಕೆಳಗಿನ ಕೀಯ ಕೊಳವೆ ಎಷ್ಟು ಉದ್ದ ಅಂತ. 8 ಅಂದರೆ ಒತ್ತಿದ ಸ್ವರವೇ. 16 ಒಂದು ಸ್ಥಾಯಿ ಕೆಳಗೆ, 4 ಒಂದು ಸ್ಥಾಯಿ ಮೇಲೆ. ಚಿತ್ರಮಂದಿರದ ಸದ್ದು ಬೇಕಾದರೆ ಮೇಲಿನ ಸಾಲಿಗೆ 'ಟಿಬಿಯಾ' ಅಥವಾ 'ಫ್ಲೂಟ್' 16, 8, 4 ಮೂರನ್ನೂ ಹಾಕಿ, ಸ್ವರ ನಡುಗಿಸುವ ಟ್ರೆಮ್ಯುಲೆಂಟ್ ಪೂರ್ತಿ. ಹ್ಯಾಮಂಡ್ ಆದರೆ ಟ್ಯಾಬ್ ಬದಲು ಎಳೆಯುವ ಒಂಬತ್ತು ಡ್ರಾಬಾರ್ ಇರುತ್ತವೆ. ಒಂದು, ಮೂರು, ನಾಲ್ಕನೆಯದನ್ನು ಎಳೆದು ಉಳಿದವನ್ನು ಒಳಗೆ ಬಿಡಿ. ತಿರುಗುವ ಲೆಸ್ಲಿ ಸ್ಪೀಕರ್ ಇದ್ದರೆ ನೀವು ಪುಣ್ಯವಂತರು. ಸಂಪಾಜೆ ಘಾಟಿಯಲ್ಲಿ ಬಸ್ಸಿನ ಹಾರ್ನ್ ಹತ್ತಿರ ಬಂದು ದೂರ ಹೋಗುವಾಗ ಸ್ವರ ಬದಲಾಗುತ್ತದಲ್ಲ, ಅದನ್ನೇ ಅದು ಸೆಕೆಂಡಿಗೆ ಆರೇಳು ಸಲ ಮಾಡುತ್ತದೆ.

ಮೊದಲ ವಾರ ಹಾಡು ಬೇಡ. ಒಂದೇ ಕೀ ಒತ್ತಿಕೊಂಡು ಬರೀ ಕಾಲಿನಿಂದ ಎಂಟು ಎಣಿಕೆ ಏರಿಸಿ, ಎಂಟು ಎಣಿಕೆ ಇಳಿಸಿ. ಹೊಸಬರು ಪ್ರತಿ ತಾಳಕ್ಕೂ ಪೆಡಲ್ ತುಳಿಯುತ್ತಾರೆ, ಹೊಲಿಗೆ ಮೆಷಿನ್ ಥರ. ಕೇಳುವವರಿಗೆ ಸಮುದ್ರದ ದೋಣಿಯಲ್ಲಿ ಕೂತ ಹಾಗೆ ಹೊಟ್ಟೆ ತೊಳಸುತ್ತದೆ. ಒಂದು ಸಾಲು ಹಾಡಿಗೆ ಒಂದು ಏರಿಳಿತ ಸಾಕು. ಬಾಯಲ್ಲಿ ಹಾಡುವಾಗ ಎಲ್ಲಿ ಉಸಿರು ತೆಗೆದುಕೊಳ್ಳುತ್ತೀರೋ ಅಲ್ಲಿ ಕಾಲು ಹಿಂದಕ್ಕೆ ಬರಲಿ.

ಎರಡನೆಯದು ಬೆರಳು ಬದಲಿಸುವುದು. ಬೆರಳು ಎತ್ತಿದ ತಕ್ಷಣ ಸ್ವರ ಸಾಯುತ್ತದೆ ಅಂದೆನಲ್ಲ. ಹಾಗಾಗಿ ಸ್ವರಗಳ ನಡುವೆ ತೂತು ಬೀಳಬಾರದು. ಕಿರುಬೆರಳಿನಲ್ಲಿ ಒತ್ತಿದ ಕೀಯನ್ನು ಬಿಡದೆ, ಅದೇ ಕೀ ಮೇಲೆ ಹೆಬ್ಬೆರಳು ತಂದಿಟ್ಟು ಕಿರುಬೆರಳನ್ನು ಮೇಲಿನ ಸ್ವರಕ್ಕೆ ಕಳಿಸಿ. ಕಳ್ಳ ಕಿಸೆ ಬದಲಿಸಿದ ಹಾಗೆ, ಯಾರಿಗೂ ಗೊತ್ತಾಗಬಾರದು. ಇದಕ್ಕೆ ನನಗೆ ಆರು ತಿಂಗಳು ಹಿಡಿಯಿತು.

ಆಮೇಲೆ ಎಡಗಾಲು. ಮೂರು ಎಣಿಕೆಯ ಹಾಡು ತಗೊಳ್ಳಿ. ಕಾಲು, ಕೈ, ಕೈ. ಕಾಲು, ಕೈ, ಕೈ. ಕಾಲಿನ ಸ್ವರ ಚಿಕ್ಕದಾಗಿರಲಿ, ಒತ್ತಿ ಬಿಟ್ಟುಬಿಡಿ. ಕೆಳಗೆ ನೋಡಬೇಡಿ. ಕಪ್ಪು ಪೆಡಲ್‌ಗಳ ನಡುವಿನ ಸಂದಿಯನ್ನು ಪಾದವೇ ತಡಕಿ ಕಲಿಯುತ್ತದೆ.

ಇಷ್ಟು ಬಂದರೆ ನಮ್ಮೂರ ಒಂದು ತಮಾಷೆ ಮಾಡಿ. 'ಓಬೋ' ಟ್ಯಾಬ್ ಒಂದನ್ನೇ ಹಾಕಿ, ಟ್ರೆಮ್ಯುಲೆಂಟ್ ತೆಗೆದು, ಮದುವೆ ಮನೆಯ ವಾಲಗ ನುಡಿಸಿ. ಓಬೋನೂ ನಮ್ಮ ವಾಲಗವೂ ಜೋಡಿ ಗರಿಯ ಪೀಪಿ ಇರುವ ವಾದ್ಯಗಳೇ, ಸದ್ದು ಅಕ್ಕಪಕ್ಕದ ಮನೆಯದು. ಕಳೆದ ಪುತ್ತರಿ ಹಬ್ಬಕ್ಕೆ ಪಕ್ಕದ ಮನೆಯ ಅಜ್ಜ ಇದನ್ನು ಕೇಳಿ ಗೇಟಿನ ಹತ್ತಿರವೇ ಎರಡು ಹೆಜ್ಜೆ ಹಾಕಿದರು. ಆಮೇಲೆ ಒಳಗೆ ಬಂದು, "ವಾಲಗದವರು ಎಲ್ಲಿ?" ಅಂತ ಕೇಳಿದರು.

ಮಳೆಗಾಲ

ಜೂನ್ ಬರುವ ಮೊದಲು ಆರ್ಗನ್ನಿನ ಕಾಲಡಿ ಇಟ್ಟಿಗೆ ಕೊಟ್ಟು ನೆಲದಿಂದ ಎತ್ತಿ, ಗೋಡೆಯಿಂದ ಒಂದು ಗೇಣು ದೂರ ಸರಿಸಿ. ಪೆಡಲ್ ಹಿಂದಿನ ಸಂದಿಗೆ ಸಣ್ಣ ಕಣ್ಣಿನ ತಂತಿ ಬಲೆ ಹೊಡೆಯಿರಿ. ಒಳಗೆ, ಮರಕ್ಕೂ ವೈರಿಗೂ ತಾಗದ ಹಾಗೆ, 15 ವ್ಯಾಟಿನ ಫಿಲಮೆಂಟ್ ಬಲ್ಬ್ ಹಾಕಿ. ಬೀರುವಿನಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದಿರಲಿ ಅಂತ ಇಡುತ್ತೇವಲ್ಲ, ಅದೇ. ಗುಡುಗು ಶುರುವಾದರೆ ಸ್ವಿಚ್ ಆಫ್ ಸಾಲದು, ಪ್ಲಗ್ ಕಿತ್ತಿಡಿ. ಅಗ್ಗದ ಇನ್ವರ್ಟರ್ ಮೇಲೆ ನುಡಿಸಿದರೆ ಜೇನುನೊಣದ ಗೂಡಿನ ಸದ್ದು ಬರುತ್ತದೆ, ಆರ್ಗನ್ ಕೆಟ್ಟಿತು ಅಂತ ಬಿಚ್ಚಬೇಡಿ.

ಮುಖ್ಯವಾಗಿ ದಿನಾ ಒಂದು ಸಲ ಎಲ್ಲ ಕೀ, ಎಲ್ಲ ಟ್ಯಾಬ್, ಎಲ್ಲ ಪೆಡಲ್ ಅಲ್ಲಾಡಿಸಿ. ಹತ್ತು ನಿಮಿಷ ಸಾಕು. ಸುಮ್ನೆ ಬಿಟ್ಟ ಕಾಂಟ್ಯಾಕ್ಟೇ ಕೊಳೆಯಾಗುವುದು. ನಾನು ಕಳೆದ ವಾರ ಮದುವೆಗೆ ಅಂತ ನಾಲ್ಕು ದಿನ ಊರಲ್ಲಿರಲಿಲ್ಲ. ಬಂದು ನೋಡಿದರೆ ಮೇಲಿನ ಸಾಲಿನ ಒಂದು ಬಿಳಿ ಆರು ಕರಕರ ಅನ್ನುತ್ತಿದೆ. ಐವತ್ತು ಸಲ ಒತ್ತಿದೆ, ಹೋಗಲಿಲ್ಲ. ನಾಳೆ ಮಳೆ ಸ್ವಲ್ಪ ಬಿಟ್ಟರೆ ಹಲಗೆ ಬಿಚ್ಚಬೇಕು.